ಕೌದಿಯ ಬುತ್ತಿ

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೌದಿ ಇತ್ತು, ನನಗೊಬ್ಬಳಿಗೆ ಬಿಟ್ಟು. ಗಂಡನಿಗೆ ಇತ್ತು. ಮಗಳಿಗೆ ಇತ್ತು. ಬಸವನ ಬಾಗೇವಾಡಿಗೆ ಕೊಟ್ಟ ನಾದಿನಿ ಯಾವಾಗಲೋ ಒಮ್ಮೆ ಬಂದು ಹೋಗುತ್ತಾಳೆ, ಅವಳಿಗೆಂದೇ ಒಂದನ್ನು ಮಡಚಿ ಇಟ್ಟಿರುತ್ತಿದ್ದರು. ಹಿತ್ತಿಲಲ್ಲಿ ಎಮ್ಮೆ ಈದರೆ ಕರುವಿಗೆ ಹೊದಿಸಲು ಹಳೆ ಕೌದಿಯ ಅರ್ಧ ತುಂಡು ಇತ್ತು. ನಾನು ಮದುವೆಯಾಗಿ ತಾಂಬಾದಿಂದ ಸಿಂದಗಿಗೆ ಬರುವಾಗ ಅಪ್ಪ ಕೊಟ್ಟು ಕಳಿಸಿದ್ದ ಸೋಲಾಪುರ ಚಾದರ ಹೊದ್ದುಕೊಂಡು ಮಲಗುತ್ತಿದ್ದೆ. ಅದು ಹರಿದ ಮೇಲೆ ಇನ್ನೊಂದು ಸೋಲಾಪುರ ಚಾದರ ತಂದುಕೊಂಡೆ.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ನಮ್ಮ ಅತ್ತೆ ಓಣಿಯಲ್ಲಿಯೇ ಹೆಸರಾದ ಕೌದಿ ಹೊಲಿಯುವವರು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೂಲೆಗಳಿಗೆ ಕಲ್ಲು ಹೇರಿ, ಅಂಚಿನಿಂದ ನಡುವಿನವರೆಗೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಬಂದರೆ ಯಾವ ಗೆರೆಯೂ ಸೊಟ್ಟಾಗುತ್ತಿರಲಿಲ್ಲ. ಓಣಿಯಲ್ಲಿ ಕೂಸು ಹುಟ್ಟಿದರೆ ಕೌದಿ, ಮುದುಕರಿಗೆ ಸೊಂಟ ಹಿಡಿದರೆ ಕೌದಿ. ಸೊಸೆಗೆ ಮಾತ್ರ ಇಲ್ಲ. ನಮ್ಮ ಕಡೆ ಸೊಸೆಯ ಕೌದಿ ತವರಿನಿಂದ ಬರಬೇಕು. ಹೆತ್ತವಳು ತಾನು ಉಟ್ಟ ಸೀರೆಗಳನ್ನು ಸೇರಿಸಿ ಹೊಲಿದು ಕೊಡುತ್ತಾಳೆ. ನನ್ನ ಅವ್ವ ನಾನು ಸಾಲಿಗೆ ಹೋಗುವ ಮೊದಲೇ ತೀರಿಕೊಂಡಿದ್ದಳು. ಅಪ್ಪನಿಗೆ ಸೂಜಿಯಲ್ಲಿ ದಾರ ಪೋಣಿಸಲೂ ಬರುತ್ತಿರಲಿಲ್ಲ. ಆತ ಪೇಟೆಗೆ ಹೋಗಿ ಚಾದರ ತಂದ. ಅವನ ತಪ್ಪೇನೂ ಇಲ್ಲ.

ಹೊಸದರಲ್ಲಿ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

“ಅತ್ತಿ, ನನಗೂ ಒಂದ ಕೌದಿ ಹೊಲಿರಲ್ಲ.”

“ನಿನಗ ಚಾದರ ಐತೆಲ್ಲ,” ಎಂದು ಅವರು ದಾರ ಹಲ್ಲಿನಿಂದ ಕಡಿದರು.

ಆ ಮಾತು ನನಗೆ ನಾಟಿತು. ಮತ್ತೆ ಕೇಳಲಿಲ್ಲ. ತವರಿನಿಂದ ಕೌದಿ ತರದವಳು ಎಂದು ಮೂದಲಿಸುತ್ತಿದ್ದಾರೆ ಅಂದುಕೊಂಡೆ. ಹಾಗಂತ ನಾನು ಮಾತು ಬಿಟ್ಟವಳಲ್ಲ, ಜಗಳ ತೆಗೆದವಳೂ ಅಲ್ಲ. ಚಳಿ ಬಂದಾಗಲೆಲ್ಲ ಅವರಿಗೆ ಕಾಣುವ ಹಾಗೆ ಚಾದರವನ್ನು ಕೊಡವಿ ಹಾಸುತ್ತಿದ್ದೆ, ಅಷ್ಟೆ.

ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಕುಪ್ಪಸ, ಲಂಗ, ಸೀರೆಗೆ ಫಾಲ್. ಸಿದ್ಧ ಕುಪ್ಪಸಗಳು ಬಂದ ಮೇಲೆ ಗಿರಾಕಿಗಳು ಬಂದು ಅಳತೆ ಕೊಡುವುದಕ್ಕಿಂತ ಬಂದು ಕುಳಿತು ಚಹಾ ಕುಡಿಯುವುದೇ ಹೆಚ್ಚಾಯಿತು. ಒಳಗಿನ ಕೋಣೆಯಲ್ಲಿ ಅತ್ತೆಯ ಕೌದಿಗಳು ಛಾವಣಿ ಮುಟ್ಟುವ ಹಾಗೆ ಪೇರಿದ್ದವು. ಓಣಿಯ ಕೂಸುಗಳಿಗೆಲ್ಲ ಅಂಗಡಿಯ ಮಿರಿಮಿರಿ ಮಿಂಚುವ ಕಂಬಳಿ ಬಂದಿದ್ದವು. ಕೌದಿ ಯಾರಿಗೂ ಬೇಡವಾಗಿತ್ತು. ಅತ್ತೆ ಮಾತ್ರ ನಿಲ್ಲಿಸಲಿಲ್ಲ. ಕೈ ಸುಮ್ಮನಿದ್ದರೆ ಅವರ ಬಾಯಿ ಇನ್ನೂ ಜೋರಾಗುತ್ತಿತ್ತು, ಹಾಗಾಗಿ ಮನೆಯವರೂ ನಿಲ್ಲಿಸಿ ಎನ್ನಲಿಲ್ಲ.

ಕೌದಿಗಳನ್ನು ಮೊಬೈಲಿನಲ್ಲಿ ಹಾಕಿ ಮಾರು ಎಂದವಳು ನನ್ನ ಗಿರಾಕಿಯಾದ ಒಬ್ಬ ಶಿಕ್ಷಕಿ. ಮುದ್ದೇಬಿಹಾಳದವಳು, ದೇವರ ಹಿಪ್ಪರಗಿ ಕಡೆ ಸಾಲಿಯಲ್ಲಿ ನೌಕರಿ. ರಂಗೋಲಿ ಹಾಕುವ ರೀಲು ಮಾಡಿ ಸಾಕಷ್ಟು ಜನರನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. “ಮೂರೇ ಮಾತು ನೆನಪಿಡ್ರಿ ಅಕ್ಕಾರ, ಬೆಳಕು, ಹಿನ್ನೆಲೆ, ದಿನಾ ಹಾಕೂದು,” ಎಂದು ಸಾಲಿಯ ಹುಡುಗರಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದಳು. ನಾನು ತಲೆ ಆಡಿಸಿದೆ. ಬೆಳಕು ನಮ್ಮಲ್ಲಿ ಬೇಕಾದಷ್ಟಿದೆ, ಸಿಂದಗಿಯ ಬಿಸಿಲಿಗೆ ಫೋನೇ ಕಾದು ನಿಂತುಬಿಡುತ್ತದೆ. ತೊಂದರೆ ಆದದ್ದು ಹಿನ್ನೆಲೆಯಿಂದ.

ಹಿತ್ತಿಲಿನ ಹಗ್ಗಕ್ಕೆ ಕೌದಿ ಹಾಕಿ ಮೊದಲ ಫೋಟೊ ತೆಗೆದೆ. ಕೆಂಪು, ಹಸಿರು, ಅರಿಷಿಣದ ತ್ರಿಕೋನಗಳು ಚೆನ್ನಾಗಿಯೇ ಬಂದಿದ್ದವು. ಸಂಜೆಯ ಹೊತ್ತಿಗೆ ಇಂಡಿ ಊರಿನ ಕಡೆಯ ಯಾರೋ ವಿಚಾರಿಸಿದರು. ನಾನು ಕುಣಿದಾಡಿದೆ. ತೆರೆದು ಓದಿದರೆ, “ಹಿಂದ ಕಟ್ಟಿದ ಎಮ್ಮಿ ಕೊಡೂದ ಐತೇನ್ರಿ? ಎಷ್ಟನೇ ಸೂಲು?” ಎಂದಿತ್ತು. ಎಮ್ಮೆಯನ್ನು ಆಚೆ ಕಟ್ಟಿ ಇನ್ನೊಂದು ಫೋಟೊ ಹಾಕಿದೆ. “ಎಮ್ಮಿ ಹೋತೇನ್ರಿ?” ಎಂದು ಅದೇ ಮನುಷ್ಯ ಮತ್ತೆ ಕೇಳಿದ. ನನ್ನ ವ್ಯಾಪಾರದ ಮೊದಲ ಖಾಯಂ ಗಿರಾಕಿ ಅವನೇ.

ಫೋಟೊ ಬೇಡ, ಚಲಿಸುವ ಚಿತ್ರ ಹಾಕು ಎಂದು ಶಿಕ್ಷಕಿ ಹೇಳಿದ ಮೇಲೆ ಅತ್ತೆ ಹೊಲಿಯುವಾಗ ಕೈಗಳನ್ನು ಮಾತ್ರ ಹಿಡಿಯತೊಡಗಿದೆ. ಮುಖ ತೋರಿಸಲು ಅವರು ಒಪ್ಪಿರಲಿಲ್ಲ. ಒಂದು ದಿನ, ಚಿತ್ರದ ಹಿನ್ನೆಲೆಗೆ ಹಾಕಬೇಕಾದ ಹಾಡು ಹಾಕಲು ಮರೆತೆ. ಹಾಗಾಗಿ ಅತ್ತೆಯ ಧ್ವನಿ ಹಾಗೆಯೇ ಹೋಯಿತು.

“ಏ, ಅದನ್ನ ಒಗಿ ಆ ಕಡೆ! ಹೊತ್ತು ಹೊಂಟ್ರ ಫೋನ್, ಹೊತ್ತು ಮುಣಗಿದ್ರ ಫೋನ್. ಸೂಜ್ಯಾಗ ದಾರ ಪೋಣಿಸಿ ಕೊಡು ಅಂದ್ರ ಕಣ್ಣ ಕಾಣ್ಸಂಗಿಲ್ಲ ಅಂತಾಳ. ಅದ್ರಾಗ ಹ್ಯಾಂಗ ಕಾಣ್ತೈತಿ?”

ಮಾರನೆ ದಿನ ಫೋನು ಗುಂಯ್‌ಗುಟ್ಟುತ್ತಲೇ ಇತ್ತು. ಕೌದಿಯ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ. ಎಲ್ಲರಿಗೂ ಬೈಗುಳ ಬೇಕಾಗಿತ್ತು. ನಮ್ಮ ಅಜ್ಜಿ ಹೀಗೆಯೇ ಬೈಯುತ್ತಿದ್ದಳು ಎಂದು ಯಾವ ಯಾವ ಊರಿನವರೋ ಕಣ್ಣೀರಿನ ಗುರುತು ಹಾಕಿದ್ದರು. ಇಷ್ಟು ವರ್ಷ ಅದನ್ನು ಪುಕ್ಕಟೆ ಕೇಳಿದವಳು ನಾನು, ಒಂದು ಹನಿಯೂ ಬಂದಿರಲಿಲ್ಲ.

ಅತ್ತೆಗೆ ಇದು ಗೊತ್ತಾದದ್ದು ಸಂತೆಯಲ್ಲಿ. ಮೆಣಸಿನಕಾಯಿ ತೂಗಿಸುತ್ತ ಅವರು ಚೌಕಾಸಿ ಮಾಡುವಾಗ ಪಕ್ಕದಲ್ಲಿ ನಿಂತಿದ್ದ ಹೆಂಗಸು ಧ್ವನಿ ಗುರುತಿಸಿ, “ನೀವು ಬೈಯೂ ಅಜ್ಜಿ ಅಲ್ಲೇನ್ರಿ?” ಎಂದು ಕೈಹಿಡಿದಳಂತೆ. ಮನೆಗೆ ಬಂದವರೇ ಸಂತೆಯ ಚೀಲ ಕುಕ್ಕಿ ಒಳಗೆ ಹೋದರು. ಸಿಟ್ಟು ಬಂದಿದೆ, ಇನ್ನು ಮುಗಿಯಿತು ಎಂದು ಹೆದರಿದೆ. ಮರುದಿನ ಕೌದಿ ಹಾಸಿ ಕುಳಿತವರು ನನ್ನ ಕೈಯಲ್ಲಿ ಫೋನು ಇಲ್ಲದ್ದನ್ನು ನೋಡಿ ಸ್ವಲ್ಪ ಹೊತ್ತು ಕಾದರು. ಫೋನು ತಂದೆ. ಆಮೇಲೆ ಬೈಯತೊಡಗಿದರು, ಮೊದಲಿಗಿಂತ ನಿಧಾನವಾಗಿ, ಒಂದೊಂದು ಮಾತು ಬಿಡಿಸಿ.

ಅಲ್ಲಿಂದ ಕೌದಿಗಳು ಹೊರಡತೊಡಗಿದವು. ಛಾವಣಿ ಮುಟ್ಟಿದ್ದ ರಾಶಿ ಸೊಂಟದವರೆಗೆ ಇಳಿಯಿತು. ನಡುವೆ ಒಂದು ಅನಾಹುತವೂ ಆಯಿತು. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನಮ್ಮ ಕೌದಿಯ ಚಿತ್ರದಲ್ಲಿ ತನ್ನ ಹಳೆ ಸೀರೆ ಗುರುತಿಸಿ, “ಇದು ನಾನು ಪಾತ್ರೆ ಮಾರುವವಳಿಗೆ ಹಾಕಿದ ಸೀರೆ” ಎಂದು ಸಂತೋಷದಿಂದ ಬರೆದಳು. ಅತ್ತೆ ಹಳೆ ಸೀರೆ ಕೊಳ್ಳುವುದು ಅಂಥವರಿಂದಲೇ. ಆ ಸೀರೆಯನ್ನು ಅವಳಿಗೆ ಉಡುಗೊರೆ ಕೊಟ್ಟಿದ್ದ ಅವಳ ಅತ್ತಿಗೆಯೂ ಅದನ್ನು ಓದಿದಳು. ಅವರಿಬ್ಬರೂ ನನ್ನ ಕೌದಿಯ ಚಿತ್ರದ ಕೆಳಗೇ ಜಗಳ ಆಡಿಕೊಂಡರು. ನಾನು ಆ ಚಿತ್ರ ತೆಗೆದುಹಾಕಬೇಕಾಯಿತು, ಅಷ್ಟರಲ್ಲಿ ಕೌದಿಗೆ ಗಿರಾಕಿ ಸಿಕ್ಕಿತ್ತು.

ಈಗ ಹೊಟ್ಟೆಯ ವಿಷಯ ಹೇಳಬೇಕು. ಕೌದಿ ಹೊಲಿದು ಮುಗಿಯುವಾಗ ಒಂದು ಮೂಲೆಯನ್ನು ಸ್ವಲ್ಪ ಬಿಟ್ಟಿರುತ್ತಾರೆ. ಅದರೊಳಗೆ ಉಗುರಿನಷ್ಟು ರೊಟ್ಟಿ ಚೂರು ಇಟ್ಟು ಆಮೇಲೆ ಹೊಲಿಗೆ ಹಾಕುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲ ಎಂದು ಅತ್ತೆಯ ನಂಬಿಕೆ. ಗಟ್ಟಿ ಒಣಗಿದ ಜೋಳದ ರೊಟ್ಟಿ, ವರ್ಷಗಟ್ಟಲೆ ಹಾಗೇ ಇರುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದೇ ಹೊಳೆದಿರಲಿಲ್ಲ, ಗುಂಡಿಗೆ ಕಾಜ ಇದೆ ಎಂದು ಯಾರಾದರೂ ಹೇಳುತ್ತಾರೆಯೇ.

ಮೈಸೂರಿನ ಕಡೆಯ ಗ್ರಾಹಕಿಯೊಬ್ಬಳು ದೊಡ್ಡ ಕೌದಿ ಕೇಳಿದಳು. ಬಹಳ ನಯದ ಹೆಂಗಸು, ಪ್ರತಿ ಸಾಲಿಗೂ ದಯವಿಟ್ಟು ಎಂದು ಬರೆಯುತ್ತಿದ್ದಳು. ಅತ್ತೆ ಅದಕ್ಕಾಗಿ ಪೆಟ್ಟಿಗೆಯಿಂದ ತಮ್ಮ ಒಳ್ಳೆಯ ಸೀರೆಗಳನ್ನೇ ತೆಗೆದರು. ಮುಗಿಯುವ ದಿನ ಕೇಳಿದರು:

“ಎಲ್ಲಿಗೆ ಹೊಂಟೈತಿ ಇದು?”

“ಮೈಸೂರ ಕಡೆ ರಿ.”

“ಅಷ್ಟ ದೂರ? ಹಾದ್ಯಾಗ ಎಷ್ಟ ದಿನ?”

“ಎರಡ ಮೂರ ದಿನ ಆಕ್ಕೈತಿ ರಿ. ಪಾರ್ಸಲ್ ಗಾಡಿ ಅಲ್ಲಲ್ಲಿ ನಿಂತ ಹೋಕ್ಕೈತಿ.”

ಅವರು ಹೂಂ ಎಂದು ಒಳಗೆ ಹೋದರು. ನಾನು ಅಂಗಡಿಯಲ್ಲಿ ಕುಪ್ಪಸದ ತೋಳು ಹಚ್ಚುತ್ತಿದ್ದೆ, ಏನು ಮಾಡುತ್ತಿದ್ದಾರೆ ಎಂದು ನೋಡಲಿಲ್ಲ. ಪೊಟ್ಟಣ ಕಟ್ಟುವಾಗ ಮೂಲೆ ಸ್ವಲ್ಪ ಉಬ್ಬಿದಂತೆ ಕಂಡಿತು. ಹೊಸ ಕೌದಿ, ಇನ್ನೂ ಕೂತಿಲ್ಲ ಅಂದುಕೊಂಡೆ.

ವಾರದೊಳಗೆ ಮೈಸೂರಿನವಳು ಎಲ್ಲರಿಗೂ ಕಾಣುವ ಹಾಗೆ ಒಂದು ಚಿತ್ರ ಹಾಕಿದಳು. ಕೌದಿಯ ಮೂಲೆಯನ್ನು ಕತ್ತರಿಯಿಂದ ಸೀಳಿ, ಒಳಗಿದ್ದದ್ದನ್ನು ಬಿಳಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ್ದಳು. ಅಂಗೈಯಗಲ ಜೋಳದ ರೊಟ್ಟಿ, ಒಂದು ಹೆಂಟೆ ಬೆಲ್ಲ, ಒಂದು ಹಿಡಿ ಹುರಿದ ಶೇಂಗಾ. ಸುತ್ತ ಇರುವೆಗಳು. ಬೆಳಕು ಚೆನ್ನಾಗಿತ್ತು, ಹಿನ್ನೆಲೆಯೂ ಚೆನ್ನಾಗಿತ್ತು. “ಹಾಸಿಗೆಯೊಳಗೆ ಊಟ! ದಯವಿಟ್ಟು ಇವರಲ್ಲಿ ಕೊಳ್ಳಬೇಡಿ, ದಯವಿಟ್ಟು ಎಲ್ಲರಿಗೂ ತಿಳಿಸಿ” ಎಂದು ಕೆಳಗೆ ಬರೆದಿದ್ದಳು. ಎಲ್ಲರೂ ಎಲ್ಲರಿಗೂ ತಿಳಿಸಿದರು. ಬೈಯುವ ಅಜ್ಜಿಯನ್ನು ಮುದ್ದು ಮಾಡಿದವರೇ ಕೊಳಕು ಎಂದರು. ಕೇಳಿದ್ದ ಕೌದಿಗಳಲ್ಲಿ ಹೆಚ್ಚಿನವು ಬೇಡವಾದವು.

ನಾನು ಫೋನು ಹಿಡಿದುಕೊಂಡು ಒಳಗೆ ಹೋದೆ. ಆ ಚಿತ್ರವನ್ನು ಅತ್ತೆಯ ಮುಂದೆ ಹಿಡಿದೆ.

“ಏನ್ ಹಾಕೀರಿ ಅತ್ತಿ ಅದ್ರಾಗ?”

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಬುತ್ತಿ,” ಎಂದರು. “ಅಷ್ಟ ದೂರ ಹೊಂಟಿತ್ತು. ಹಾದ್ಯಾಗ ಹಸಿಯಂಗಿಲ್ಲೇನು?” ಆಮೇಲೆ ಮತ್ತೆ ಬಗ್ಗಿ ನೋಡಿ, “ರೊಟ್ಟಿ ಮುಗ್ಗಿಲ್ಲ ನೋಡು,” ಎಂದರು.

ನನಗೆ ನಗು ಬರಲಿಲ್ಲ. ಈಗ ನೆನೆದರೆ ಬರುತ್ತದೆ, ಆಗ ಎದೆಯಲ್ಲಿ ಬೆಂಕಿ ಬಿದ್ದಂತಾಗಿತ್ತು. ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಒಂದು ಹೆಂಟೆ ಬೆಲ್ಲದಲ್ಲಿ ಮುಗಿಸಿದಿರಲ್ಲ ಎಂದು ಕೂಗಾಡಿದೆ. ಇನ್ನು ಮುಂದೆ ಕೌದಿಯೊಳಗೆ ರೊಟ್ಟಿಯ ಹಿಟ್ಟೂ ಇರಬಾರದು ಎಂದೆ. ಅತ್ತೆ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಪಕ್ಕಕ್ಕಿಟ್ಟರು.

“ಹಸದ ಕೌದಿ ನನ್ನ ಕೈಲೆ ಹೊರಗ ಹೋಗಂಗಿಲ್ಲ. ನಿನಗ ಬೇಕಾದ್ರ ನೀನ ಹೊಲಕೊ.”

ಅಲ್ಲಿಗೆ ನಿಂತಿತು. ಅವರು ಹೊಲಿಯಲಿಲ್ಲ, ಬೈಯಲೂ ಇಲ್ಲ. ಕಟ್ಟೆಯ ಮೇಲೆ ಕುಳಿತು ಬೀದಿ ನೋಡುತ್ತಿದ್ದರು. ಬೈಯದ ಅತ್ತೆಯನ್ನು ನಾನು ಅದೇ ಮೊದಲು ನೋಡಿದ್ದು, ಮನೆಯೆಲ್ಲ ಬಿಕೋ ಎನ್ನುತ್ತಿತ್ತು. ಗಂಡ ಊಟಕ್ಕೆ ಕುಳಿತಾಗ ಒಮ್ಮೆ ಅವರ ಕಡೆ, ಒಮ್ಮೆ ನನ್ನ ಕಡೆ ನೋಡಿ ಬೇಗ ಬೇಗ ಉಂಡು ಎದ್ದು ಹೋಗುತ್ತಿದ್ದ. ಅವನು ಯಾವ ಜಗಳದಲ್ಲಿಯೂ ಹೀಗೆಯೇ ಸಹಾಯ ಮಾಡುತ್ತಾನೆ.

ಶಿಕ್ಷಕಿ ಬಂದು, ಕ್ಷಮೆ ಕೇಳುವ ಒಂದು ರೀಲು ಮಾಡಿರಿ, ಕಣ್ಣಲ್ಲಿ ನೀರಿದ್ದರೆ ಇನ್ನೂ ಒಳ್ಳೆಯದು ಎಂದು ಹೇಳಿಹೋದಳು. ಅತ್ತೆಯ ಮುಂದೆ ಆ ಮಾತು ಎತ್ತುವ ಧೈರ್ಯ ನನಗಿರಲಿಲ್ಲ. ಬೇಡ ಎನ್ನದೆ ಉಳಿದಿದ್ದ ಒಬ್ಬರ ಕೌದಿಯನ್ನು ನಾನೇ ಮಷೀನಿನಲ್ಲಿ ಹೊಲಿದೆ. ನೋಡಿದರೆ ಸಾಲಿ ಹುಡುಗರ ಪಾಟಿಚೀಲದ ಹಾಗೆ ಬಿರುಸಾಗಿ ನಿಂತಿತ್ತು. ಅತ್ತೆ ಅದರ ಪಕ್ಕದಿಂದ ಹಾದು ಹೋದರು, ತಿರುಗಿಯೂ ನೋಡಲಿಲ್ಲ. ನನಗೆ ಅಳು ಬಂತು. ವ್ಯಾಪಾರ ಹೋದದ್ದಕ್ಕಿಂತ, ಅವರು ಆ ಕೌದಿಯನ್ನು ಬೈಯಲೂ ಇಲ್ಲವಲ್ಲ ಎಂದು.

ಮೈಸೂರಿನವಳು ಕೌದಿ ವಾಪಸ್ ಕಳಿಸಿದಳು. ಪಾರ್ಸಲಿನವನು ಬಾಗಿಲಲ್ಲಿ ನಿಂತು ಕೂಗಿದಾಗ ನಾನು ಒಬ್ಬಳಿಗೆ ಅಳತೆ ತೆಗೆಯುತ್ತಿದ್ದೆ. ಅತ್ತೆ ಕಟ್ಟೆಯಿಂದ ಎದ್ದರು.

“ಎಲ್ಲಿಂದ ಬಂದೈತಿ?”

“ದೂರದಿಂದ ಬಂದೈತಿ ನೋಡ್ರಿ, ಮೈಸೂರ ಕಡಿಂದ.”

“ಯಾರ ಹೆಸರಿಗೆ?”

ಅವನು ನನ್ನ ಹೆಸರು ಓದಿದ. “ಇನ್ನೊಮ್ಮೆ ಓದು,” ಎಂದರು ಅತ್ತೆ. ಅವನು ಇನ್ನೊಮ್ಮೆ ಓದಿದ. “ಮ್ಯಾಲ ಬರದಾರೇನು ಆ ಹೆಸರು?” ಎಂದು ಕೇಳಿದರು. ಅವನು ಬೆರಳಿಟ್ಟು ತೋರಿಸಿದ. ಅಕ್ಷರ ಬಾರದ ಅತ್ತೆ ಬೆರಳಿದ್ದ ಜಾಗವನ್ನು ನೋಡಿ, ಪೊಟ್ಟಣವನ್ನು ಎತ್ತಿಕೊಂಡು ಒಳಗೆ ಹೋದರು. ನನ್ನ ಕೈಗೆ ಕೊಡಲಿಲ್ಲ. ತಾವು ಕೊಟ್ಟ ಕೌದಿ ಹೊಳ್ಳಿ ಬಂದದ್ದು ಅವರಿಗೆ ದೊಡ್ಡ ಅವಮಾನ, ಸುಟ್ಟುಬಿಡುತ್ತಾರೆ ಎಂದೇ ನಾನು ತಿಳಿದೆ.

ಆದರೆ ಮರುದಿನ ಅದು ಹಿತ್ತಿಲಿನ ಹಗ್ಗದ ಮೇಲಿತ್ತು, ತೊಳೆದು ಹಿಂಡಿ ಹಾಕಿದ್ದರು. ಒಣಗಿದ ಮೇಲೆ ಅತ್ತೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಕತ್ತರಿ ಬಿದ್ದ ಮೂಲೆಗೆ ತೇಪೆ ಹಚ್ಚತೊಡಗಿದರು. ಎಷ್ಟೋ ದಿನಗಳ ಮೇಲೆ ಅವರ ಕೈಯಲ್ಲಿ ಸೂಜಿ ಕಂಡಿತು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಹತ್ತಿರ ಹೋಗಿ ಕುಳಿತೆ.

“ಹೊಟ್ಟಿ ಸೀಳ್ಯಾರ ನೋಡು,” ಎಂದರು. ಸಿಟ್ಟಿರಲಿಲ್ಲ, ನೋವಿತ್ತು. ತೇಪೆಯ ಮೂರು ಬದಿ ಹೊಲಿದು, ನಾಲ್ಕನೆಯದನ್ನು ಬಿಟ್ಟು, ಕೌದಿಯನ್ನು ನನ್ನ ತೊಡೆಯ ಮೇಲೆ ಸರಿಸಿದರು.

“ಹೋಗು, ಒಂದ ರೊಟ್ಟಿ ಚೂರ ತಂದು ನೀನ ಹಾಕು. ನಿನ್ನ ಕೌದಿ ಇದು.”

ನನಗೆ ಅರ್ಥವಾಗಲಿಲ್ಲ. ಇದು ಮೈಸೂರಿನವಳಿಗೆ ಹೊಲಿದದ್ದು, ಹರಿದದ್ದನ್ನು ಇನ್ನು ಯಾರಿಗೂ ಮಾರಲು ಬರುವುದಿಲ್ಲ ಎಂದು ಏನೋ ಅಂದೆ. ಅವರು ನನ್ನ ಮಾತು ನಡುವೆಯೇ ತಡೆದರು.

“ನಾ ಹೊಲದು ಕೊಟ್ಟಿದ್ರ ಏನಂತಿದ್ರು ಮಂದಿ? ಇಕಿಗೆ ತವರಮನಿ ಇಲ್ಲ, ಪಾಪ, ಅತ್ತಿನ ಹೊಲದು ಕೊಟ್ಟಾಳ ಅಂತಿದ್ರು. ನಿಮ್ಮಪ್ಪ ಒಂದ ಚಾದರ ತಂದು ಮರ್ಯಾದಿ ಉಳಿಸ್ಯಾನ. ಅದನ್ನ ನಾ ಕಳಿಲೇನು?” ದಾರಕ್ಕೆ ಗಂಟು ಹಾಕಿದರು. “ಈಗ ನಾ ಕೊಟ್ಟಿಲ್ಲ. ಹೊರಗಿಂದ ಬಂದೈತಿ, ನಿನ್ನ ಹೆಸರಿಗೆ ಬಂದೈತಿ. ಪಾರ್ಸಲಿನವ ಎಲ್ಲಾರ ಮುಂದ ಓದ್ಯಾನ. ತವರಿಂದ ಬಂತು ಅಂತ ತಿಳಕೊ.”

ನಾನು ಎದ್ದು ಅಡುಗೆಮನೆಗೆ ಹೋದೆ. ರೊಟ್ಟಿಯ ಬುಟ್ಟಿಯ ಮುಂದೆ ನಿಂತು ಚೆನ್ನಾಗಿ ಅತ್ತುಬಿಟ್ಟೆ. ಇಷ್ಟು ವರ್ಷ ಚಾದರ ಕೊಡವಿ ಕೊಡವಿ ತೋರಿಸಿದ್ದೆಲ್ಲ ನೆನಪಾಯಿತು. ಅವ್ವನೂ ನೆನಪಾದಳು, ಮುಖ ಸರಿಯಾಗಿ ನೆನಪಿಲ್ಲ, ಸೀರೆಯ ಸೆರಗು ಮಾತ್ರ. ಆಮೇಲೆ ನಾನೇ ಬಡಿದ ಒಂದು ರೊಟ್ಟಿಯಿಂದ ಉಗುರಿನಷ್ಟು ಮುರಿದು ತಂದು ಮೂಲೆಯೊಳಗೆ ಇಟ್ಟೆ. ಅತ್ತೆ ಬೆರಳಿನಿಂದ ಒತ್ತಿ ನೋಡಿದರು.

“ಎಷ್ಟ ದಪ್ಪ ಬಡದೀ? ಕೌದಿಗೆ ಅಜೀರ್ಣ ಆಕ್ಕೈತಿ,” ಎಂದರು. ಮನೆಗೆ ಮತ್ತೆ ಜೀವ ಬಂದಂತಾಯಿತು.

ಉಪಾಯ ಹೊಳೆದದ್ದು ಅಲ್ಲಿಯೇ. ಮೂಲೆ ತೆರೆದಿಟ್ಟು, ಒಂದು ಸೂಜಿ, ದಾರ ಜೊತೆಗಿಟ್ಟು ಕಳಿಸಿದರೆ ಹೇಗೆ, ಕೊಂಡವರೇ ತಮ್ಮ ಮನೆಯ ಊಟ ಹಾಕಿಕೊಳ್ಳಲಿ ಎಂದು ಕೇಳಿದೆ. ಅತ್ತೆ ದಾರ ಕಡಿದು ಸೂಜಿ ಕೆಳಗಿಟ್ಟರು. “ಹಾದ್ಯಾಗ ಉಪಾಸ ಹೋಕ್ಕೈತಿ,” ಎಂದರು. ಆಮೇಲೆ, “ಇರ್ಲಿ, ಹೋದ ಮನ್ಯಾಗ ಉಣ್ಣಲಿ. ಹೆಣ್ಣಮಕ್ಕಳೂ ಹಂಗ ಹೋಗ್ತಾವಲ್ಲ,” ಎಂದು ಒಪ್ಪಿದರು. ಅದನ್ನೇ ಚಿಕ್ಕದಾಗಿ ಚಿತ್ರ ಮಾಡಿ ಹಾಕಿದೆ. ಕೈ ಅವರದು, ಬೈಗುಳವೂ ಅವರದೇ, ಕ್ಷಮೆ ಯಾರೂ ಕೇಳಲಿಲ್ಲ. ಕೊಂಡವರು ಈಗ ತಾವು ಇಟ್ಟದ್ದನ್ನು ಚಿತ್ರ ತೆಗೆದು ಕಳಿಸುತ್ತಾರೆ. ಕಡಲ ಕಡೆಯವರು ಒಂದು ಅಗಳು ಅನ್ನ ಇಡುತ್ತಾರೆ, ಒಬ್ಬರು ಬಿಸ್ಕತ್ತು ಇಟ್ಟಿದ್ದರು. ಅತ್ತೆ ಬಿಸ್ಕತ್ತು ನೋಡಿ, ಆ ಮನೆಯಲ್ಲಿ ಯಾರಿಗೂ ಒಲೆ ಹಚ್ಚಲು ಬರುವುದಿಲ್ಲ ಎಂದು ತೀರ್ಮಾನಿಸಿದರು. ಎಮ್ಮೆಯವನು ಕೂಡ ಒಂದು ಕೌದಿ ತೆಗೆದುಕೊಂಡ, ಎಮ್ಮೆ ಯಾವಾಗ ಕೊಡುತ್ತೀರಿ ಎಂದು ಜೊತೆಗೇ ಕೇಳಿದ.

ಮೈಸೂರಿನವಳು ತನ್ನ ಚಿತ್ರ ಇನ್ನೂ ತೆಗೆದಿಲ್ಲ. ಮೊದಮೊದಲು ಅದು ಕಣ್ಣಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಈಗ ಅವಳಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ, ತವರಿನವರ ಮೇಲೆ ಎಷ್ಟು ದಿನ ಸಿಟ್ಟು ಮಾಡಲು ಬರುತ್ತದೆ.

ಚಾದರವನ್ನು ತೊಳೆದು, ಮಡಚಿ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಕೌದಿ ಹೊದ್ದು ಮಲಗಿ ಎದ್ದ ಮೊದಲ ಬೆಳಿಗ್ಗೆ ನೋಡಿದರೆ, ತೇಪೆ ಹಚ್ಚಿದ ಮೂಲೆಯ ಮೇಲೆ ಒಂದು ಇರುವೆ ಓಡಾಡುತ್ತಿತ್ತು. ತೊಳೆದರೂ ಬೆಲ್ಲದ ವಾಸನೆ ಹೋಗಿರಲಿಲ್ಲ ಎಂದು ಕಾಣುತ್ತದೆ. ನಾನು ಕಾಲು ಸ್ವಲ್ಪ ಆಚೆ ಸರಿಸಿ, ಅದಕ್ಕೆ ದಾರಿ ಬಿಟ್ಟು, ಇನ್ನಷ್ಟು ಹೊತ್ತು ಮಲಗಿದೆ.